ರಘು ದೀಕ್ಷಿತ್ ಎರಡನೇ ಆಲ್ಬಂ: 5 ವರ್ಷ ಕಾದಿದ್ದಕ್ಕೆ ನಮಗೆ ಸಿಕ್ಕಿದ್ದೇನು?

ಹಳೇ ಹುಬ್ಬಳ್ಳಿ:
ಹೋದ ವಾರ ಕೆಲಸದ ಮೇಲೆ ಹಾವೇರಿಗೆ ಹೋಗುವುದಿತ್ತು. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಇಯರ್‌ಫೋನ್ ಹಾಕಿಕೊಂಡು 'ಜಗ್ ಚಂಗಾ' ಹಚ್ಚಿದೆ. ಆಲ್ಬಂ ಪೂರ್ತಿ ಕೇಳಿ ಎಷ್ಟೋ ವರ್ಷ ಆಗಿತ್ತು. 'ಲೋಕದ ಕಾಳಜಿ' ಶುರುವಾದಾಗ ಬಸ್ಸು ಸರಿಯಾಗಿ ಶಿಗ್ಗಾಂವಿ ಸ್ಟ್ಯಾಂಡಿನೊಳಗೆ ತಿರುಗುತ್ತಿತ್ತು. ಕಡಲೆಕಾಯಿ ಮಾರುವ ಹುಡುಗ ಕಿಟಕಿ ತಟ್ಟುತ್ತಿದ್ದಾನೆ, ಕಿವಿಯೊಳಗೆ ಶಿಶುನಾಳ ಷರೀಫರ ಪದ. ಅದೂ ಷರೀಫರದೇ ತಾಲೂಕಿನಲ್ಲಿ. ಇಳಿದುಬಿಡೋಣ ಅನ್ನಿಸಿತು, ಇಳಿಯಲಿಲ್ಲ.

ಆಗ ನೆನಪಾಯಿತು. 2013ರಲ್ಲಿ ಈ ಆಲ್ಬಂ ಬಂದಾಗ ನಾನು ಎರಡು ಸಲ ಕೇಳಿ ಪಕ್ಕಕ್ಕಿಟ್ಟವನು. ಮೊದಲನೆಯದು 2008ರಲ್ಲಿ ಬಂದಾಗ ಧಾರವಾಡದ ರೂಮಿನಲ್ಲಿ ನಾಲ್ಕು ಜನ ಒಂದೇ ಪೆನ್ ಡ್ರೈವ್ ಹಂಚಿಕೊಂಡು ಹಗಲೂ ರಾತ್ರಿ ಕೇಳಿದ್ದೆವು. 'ಗುಡುಗುಡಿಯ ಸೇದಿ ನೋಡೋ', 'ಸೋರುತಿಹುದು ಮನಿಯ ಮಾಳಿಗಿ' ಎರಡೂ ಬಾಯಿಪಾಠ. ಆಮೇಲೆ 5 ವರ್ಷ ಕಾದೆವು. ಈ ವರ್ಷ ಬರುತ್ತದೆ, ಮುಂದಿನ ವರ್ಷ ಬರುತ್ತದೆ ಅಂತ ಕಾದು ಕಾದು, ಬಂದ ಮೇಲೆ "ಮೊದಲಿನ ಮಜಾ ಇಲ್ಲ" ಅಂದುಬಿಟ್ಟೆವು. ಈಗ ಅನ್ನಿಸುತ್ತದೆ, ಮೊದಲನೆಯದೇ ಇನ್ನೊಂದು ಸಲ ಬರಲಿ ಅಂತ ನಾನು ಕಾಯುತ್ತಾ ಕೂತಿದ್ದೆನೇನೋ. ಎರಡನೆಯದಕ್ಕೆ ನಾನು ನ್ಯಾಯ ಕೊಡಲಿಲ್ಲ. ಅದರಲ್ಲೂ 'ಲೋಕದ ಕಾಳಜಿ'ಗೆ.

ನಮ್ಮ ಕಡೆಯವರು ಇದನ್ನು ಹೇಗೆ ಕೇಳಿದಿರಿ? ಬೆಂಗಳೂರಿನವರ ಅಭಿಪ್ರಾಯ ಆಗಲೇ ಬೇಕಾದಷ್ಟು ಓದಿದ್ದೇನೆ. ಷರೀಫರ ಪದ ಮನೆಯಲ್ಲಿ, ಗುಡಿಯಲ್ಲಿ ಕೇಳಿ ಬೆಳೆದವರು ಹೇಳಬೇಕು.

ಸಾಧನಕೇರಿ:
ನಾನು ಆಗಲೂ ಮೆಚ್ಚಲಿಲ್ಲ, ಈಗಲೂ ಪೂರ್ತಿ ಮೆಚ್ಚುವುದಿಲ್ಲ. ನೇರವಾಗಿ ಹೇಳುತ್ತೇನೆ. ಆ 5 ವರ್ಷದಲ್ಲಿ ಅವರು ಲಂಡನ್ನಿನ ಟಿವಿಯಲ್ಲಿ ಜೂಲ್ಸ್ ಹಾಲೆಂಡ್ ನಡೆಸುವ ಸಂಗೀತ ಕಾರ್ಯಕ್ರಮಕ್ಕೆ ಹೋದರು, ಅದು 2010. ಮರುವರ್ಷ ಇಂಗ್ಲೆಂಡಿನ ದೊಡ್ಡ ಸಂಗೀತ ಉತ್ಸವ ಗ್ಲಾಸ್ಟನ್‌ಬರಿ. ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ, ಕನ್ನಡ ಗೊತ್ತೇ ಇಲ್ಲದ ಸಾವಿರಾರು ಜನರನ್ನು ಕುಣಿಸಿದರು. ಆ ವಿಡಿಯೋ ನೋಡಿ ನನಗೂ ಎದೆ ಉಬ್ಬಿದೆ. ಆದರೆ ಹಾಡುಗಳನ್ನು ವೇದಿಕೆ ಮೇಲೆ ಹಾಡಿ ಹಾಡಿ, ಜನ ಎಲ್ಲಾ ಯೂಟ್ಯೂಬಿನಲ್ಲಿ ನೋಡಿ ಮುಗಿಸಿದ ಮೇಲೆ ಆಲ್ಬಂ ಬಂತು. ಹೊಸದು ಏನು ಉಳಿದಿತ್ತು? ವೇದಿಕೆಯಲ್ಲಿ ಉಸಿರು ಕಟ್ಟಿ ಹಾಡುತ್ತಿದ್ದ ಜಾಗ ಸ್ಟುಡಿಯೋದಲ್ಲಿ ನುಣ್ಣಗಾಗಿದೆ.

ಇನ್ನೊಂದು ಮಾತು. ಒಂದು ಹಾಡು ಕನ್ನಡ, ಒಂದು ಹಿಂದಿ, ಮತ್ತೊಂದು ಇಂಗ್ಲಿಷ್. ಒಂದು ಮನಸ್ಥಿತಿ ಕೂಡಿ ಬರುವಷ್ಟರಲ್ಲಿ ಭಾಷೆ ಬದಲಾಗುತ್ತದೆ. 'ಸಜ್ನಾ' ಬಂದಾಗ ನಾನು ಮುಂದಕ್ಕೆ ಓಡಿಸುತ್ತೇನೆ. ಅಂಥ ಹಿಂದಿ ಪ್ರೇಮಗೀತೆ ಯಾರು ಬೇಕಾದರೂ ಹಾಡುತ್ತಾರೆ. ಷರೀಫರನ್ನು ಹಾಗೆ ಹಾಡುವವರು ಎಷ್ಟು ಜನ ಇದ್ದಾರೆ?

ಹಳೇ ಹುಬ್ಬಳ್ಳಿ:
ಭಾಷೆ ಬೆರೆಸಿದ್ದು ಮೊದಲ ಆಲ್ಬಂನಲ್ಲೂ ಇತ್ತಲ್ವಾ ಸರ್? ಅದರಲ್ಲಿ 'ಮೈಸೂರ್ ಸೇ ಆಯೀ' ಹಿಂದಿಯೇ. ಆಗ ನಾವು ಯಾರೂ ತಕರಾರು ತೆಗೆಯಲಿಲ್ಲ. ಮತ್ತೆ ಆ 5 ವರ್ಷ ಅವರು ಸುಮ್ನೆ ಕೂತಿರಲಿಲ್ಲ. 2008ರಲ್ಲಿ 'ಸೈಕೋ', 2010ರಲ್ಲಿ 'ಜಸ್ಟ್ ಮಾತ್ ಮಾತಲ್ಲಿ' ಸಿನಿಮಾಗಳಿಗೆ ಸಂಗೀತ ಕೊಟ್ಟರು. ತಡವಾಗಿದ್ದಕ್ಕೆ ನನ್ನ ಸಿಟ್ಟಿಲ್ಲ.

ಕೆಸಿಡಿ ಹಾಸ್ಟೆಲ್:
ನಾನು ಹುಟ್ಟಿದ್ದೇ 2005ರಲ್ಲಿ. ನನಗೆ ಕಾಯುವ ಪ್ರಶ್ನೆಯೇ ಇರಲಿಲ್ಲ, ಎರಡೂ ಆಲ್ಬಂ ಒಂದೇ ದಿನ ಸಿಕ್ಕವು. ಯಾವ ಹಾಡು ಯಾವುದರಲ್ಲಿದೆ ಅಂತಲೂ ಗೊತ್ತಿರಲಿಲ್ಲ. ನನಗೆ ಎರಡನೆಯದೇ ಜಾಸ್ತಿ ಹಿಡಿಸಿತು. ಪರೀಕ್ಷೆ ಹಿಂದಿನ ರಾತ್ರಿ 'ಲೋಕದ ಕಾಳಜಿ' ಹಚ್ಚಿದರೆ ಹೊಟ್ಟೆಯೊಳಗಿನ ಗಂಟು ಸಡಿಲವಾಗುತ್ತದೆ. ನಿನಗೆ ಯಾರು ಬೇಡ ಅಂದರಪ್ಪ, ಚಿಂತೆ ಮಾಡು ಅಂತ ಷರೀಫರೇ ಹೇಳುತ್ತಾರಲ್ಲ! ಸಮಾಧಾನ ಹೇಳುವವರು ಬಹಳ ಜನ ಇದ್ದಾರೆ, ಹೀಗೆ ಹೇಳುವವರು ಇವರೊಬ್ಬರೇ.

ಗದಗ ಬೆಟಗೇರಿ:
"ಹೊಸದು ಏನು ಉಳಿದಿತ್ತು" ಅನ್ನುವ ಮಾತಿಗೆ ನನ್ನದೊಂದು ಉತ್ತರ. ಸ್ವಲ್ಪ ಉದ್ದ ಆಗುತ್ತದೆ.

ನಮ್ಮ ಮನೆ ಗದಗಿನ ವೀರೇಶ್ವರ ಪುಣ್ಯಾಶ್ರಮದಿಂದ ದೂರ ಇಲ್ಲ. ಪುಟ್ಟರಾಜ ಗವಾಯಿಗಳು 2010ರಲ್ಲಿ ಲಿಂಗೈಕ್ಯರಾದರು. ಅದಕ್ಕೆ ಮೊದಲು ಚಿಕ್ಕವನಿದ್ದಾಗ ಅಲ್ಲಿಗೆ ಹೋಗುತ್ತಿದ್ದೆ. ಕಣ್ಣು ಕಾಣದ ಮಕ್ಕಳು ಬೆಳಗ್ಗೆ ಕೂತು ಒಂದೇ ಚೀಜನ್ನು, ಅಂದರೆ ರಾಗದ ಒಂದೇ ಹಾಡನ್ನು, ಹಾಡುತ್ತಾರೆ. ಮರುದಿನ ಹೋದರೂ ಅದೇ. ತಿಂಗಳು ಬಿಟ್ಟು ಹೋದರೂ ಅದೇ. ಆದರೆ ಕೇಳುವವರಿಗೆ ಗೊತ್ತಾಗುತ್ತದೆ, ಹುಡುಗ ಎಲ್ಲಿ ನಿಲ್ಲುವುದನ್ನು ಕಲಿತ, ಎಲ್ಲಿ ಧೈರ್ಯ ಬಂತು ಅಂತ. ನಮ್ಮ ಕಡೆ ಮಲ್ಲಿಕಾರ್ಜುನ ಮನ್ಸೂರರು ವಚನ ಹಾಡಿದಾಗ ಯಾರಾದರೂ "ವಚನ ಹಳೇದಾಯ್ತಲ್ರೀ" ಅಂದಿದ್ದಾರಾ? ಪದ ಹಳೆಯದೇ ಇರಲಿ, ಇವತ್ತಿನ ಉಸಿರು ಇರಬೇಕು, ಅಷ್ಟೇ. ವೇದಿಕೆ ಮೇಲೆ ನೂರು ಸಲ ಹಾಡಿ ಆಮೇಲೆ ರೆಕಾರ್ಡ್ ಮಾಡಿದ್ದು ಈ ಆಲ್ಬಂಗೆ ಒಳ್ಳೆಯದೇ ಆಗಿದೆ. ಹಾಡು ಪಳಗಿದೆ.

ಹಾಗಂತ ಎಲ್ಲವೂ ಸರಿ ಇದೆ ಅನ್ನುತ್ತಿಲ್ಲ. ಕೆಲವು ಕಡೆ ವಾದ್ಯ ತುಂಬಿ ತುಳುಕುತ್ತದೆ. ಸ್ವಲ್ಪ ಖಾಲಿ ಜಾಗ ಬಿಟ್ಟಿದ್ದರೆ ಚಲೋ ಇತ್ತು.

ಸೌಂಡ್ ಸರ್ವಿಸ್:
ನಾನು ಹುಬ್ಬಳ್ಳಿಯಲ್ಲಿ ಮೈಕ್ ಸೆಟ್ ಕಟ್ಟುವವನು. ಮದುವೆ, ಜಾತ್ರೆ, ಕಾಲೇಜು ಗ್ಯಾದರಿಂಗ್ ಎಲ್ಲಾ. ವಾದ್ಯ ತುಂಬಿದೆ ಅನ್ನುವುದು ಇಯರ್‌ಫೋನಿನ ಮಾತು. ದೊಡ್ಡ ಬಾಕ್ಸಿನಲ್ಲಿ, ಬಯಲಿನಲ್ಲಿ ಹಚ್ಚಿ ನೋಡಿ. ಪಿಟೀಲು ಒಂದು ಕಡೆ, ಡ್ರಮ್ ಒಂದು ಕಡೆ, ದನಿ ನಟ್ಟನಡುವೆ ಬಂದು ನಿಲ್ಲುತ್ತದೆ. ಮೊದಲ ಆಲ್ಬಂ ಬಯಲಿನಲ್ಲಿ ತೆಳ್ಳಗೆ ಕೇಳುತ್ತದೆ, ಅದು ಕೋಣೆಯೊಳಗೆ ಚೆನ್ನ. ಎರಡನೆಯದು ಬಯಲಿಗೆ ಮಾಡಿದ್ದು. ನನ್ನ ಅನುಭವ ಇಷ್ಟೇ.

ಗದಗ ಬೆಟಗೇರಿ:
ಅದು ಹೌದು ಅಣ್ಣ, ಹಾಗೆ ಕೇಳಿಲ್ಲ ನಾನು. ಇನ್ನೊಂದು ಹೇಳುವುದು ಮರೆತೆ. 'ಯಾದೋಂ ಕೀ ಕ್ಯಾರೀ' ಹಾಡಿನಲ್ಲಿ ಬ್ಯಾಂಜೊ ಇದೆ ಅಂತ ನಮ್ಮ ಓಣಿಯ ಹುಡುಗನಿಗೆ ಹೇಳಿದರೆ ಅವನು ಕೇಳಿ, "ಇದರಾಗ ಬ್ಯಾಂಜೊ ಎಲ್ಲಿ ಐತಿ?" ಅಂದ. ಅವನದು ತಪ್ಪಲ್ಲ. ನಮ್ಮಲ್ಲಿ ಬ್ಯಾಂಜೊ ಅಂದರೆ ಮದುವೆ ಮೆರವಣಿಗೆಯಲ್ಲಿ ಬಾರಿಸುವ ಬುಲ್‌ಬುಲ್ ತರಂಗ. ಎಡಗೈಯಲ್ಲಿ ಟೈಪ್‌ರೈಟರ್ ತರಹ ಗುಂಡಿ ಒತ್ತುತ್ತಾ ಬಲಗೈಯಲ್ಲಿ ತಂತಿ ಮೀಟುವುದು. ಇದು ಅಮೆರಿಕದ ಬ್ಯಾಂಜೊ. ದುಂಡನೆಯ ಬಳೆಗೆ ತೊಗಲು ಬಿಗಿದು, ಉದ್ದ ಕೋಲು ಜೋಡಿಸಿ ತಂತಿ ಎಳೆದಿರುತ್ತಾರೆ. ಭಜನಿಯಲ್ಲಿ ಬಡಿಯುವ ದಮ್ಮಡಿಗೆ ಕುತ್ತಿಗೆ ಬಂದ ಹಾಗೆ! ಮೂಲದಲ್ಲಿ ಅದು ಆಫ್ರಿಕಾದಿಂದ ಗುಲಾಮರಾಗಿ ಹೋದವರ ಜೊತೆ ಅಮೆರಿಕಕ್ಕೆ ಹೋದ ವಾದ್ಯ. ಈ ಹಾಡಿನಲ್ಲಿ ನುಡಿಸಿದವರು ಅಬಿಗೇಲ್ ವಾಶ್‌ಬರ್ನ್. ಉಗುರಿನಿಂದ ಮೇಲಿಂದ ಕೆಳಕ್ಕೆ ತಂತಿ ಹೊಡೆಯುವ ಹಳ್ಳಿ ಪದ್ಧತಿ ಅವರದು. ಅದಕ್ಕೇ ಆ ಹಾಡಿನಲ್ಲಿ ತಂತಿಯ ಜೊತೆ ಒಂದು ಟಕ್ ಟಕ್ ಕೇಳುತ್ತದೆ. ತೊಗಲಿನ ಸದ್ದು ಅದು. ಆ ಸದ್ದಿಗೋಸ್ಕರವೇ ನಾನು ಆ ಹಾಡು ತಿರುಗಿ ತಿರುಗಿ ಕೇಳುತ್ತೇನೆ. ಹಿಂದಿ ಅಂತ ಮುಂದಕ್ಕೆ ಓಡಿಸಬೇಡಿ.

ಹಾವೇರಿ ಅಕ್ಕ:
ನಾನು ಶಾಲೆ ಟೀಚರ್. ಗ್ಯಾದರಿಂಗಿಗೆ ಮಕ್ಕಳು ರಘು ದೀಕ್ಷಿತ್ ಹಾಡಿದ 'ಕೋಡಗನ ಕೋಳಿ ನುಂಗಿತ್ತ'ಕ್ಕೆ ಕುಣಿಯುತ್ತೇವೆ ಅಂದರು. ಕುಣಿಯಿರಿ, ಆದರೆ ಕೋಡಗ ಅಂದರೆ ಏನು ಹೇಳಿ ಅಂದೆ. ಒಬ್ಬರಿಗೂ ಗೊತ್ತಿಲ್ಲ. ಒಬ್ಬಳು ಕೊಡಗು ಜಿಲ್ಲೆ ಅಂದಳು. ಕೋಡಗ ಅಂದರೆ ಮಂಗ ಅಂದಾಗ ಇಡೀ ಕ್ಲಾಸು "ಕೋಳಿ ಮಂಗನನ್ನ ಹೆಂಗ ನುಂಗತೈತಿ ಟೀಚರ್" ಅಂತ ಗದ್ದಲ. ಅವತ್ತು ಪಾಠ ಬಿಟ್ಟು, ಒಗಟಿನ ಹಾಗೆ ಅರ್ಥ ಒಳಗೆ ಅಡಗಿಸಿಟ್ಟ ಬೆಡಗಿನ ಪದದ ಬಗ್ಗೆಯೇ ಮಾತಾಡಿದೆವು. ಮಂಗನ ಹಾಗೆ ಕೊಂಬೆಯಿಂದ ಕೊಂಬೆಗೆ ಹಾರುವುದು ನಮ್ಮೊಳಗೆ ಯಾವುದು ಅಂತ ಕೇಳಿದೆ. ಹಿಂದಿನ ಬೆಂಚಿನ ಹುಡುಗ, ಯಾವತ್ತೂ ಬಾಯಿ ಬಿಡದವನು, "ಮನಸ್ಸು" ಅಂದ. ನನಗೆ ಕಣ್ಣಲ್ಲಿ ನೀರು ಬಂತು.

ಷರೀಫರೂ ಕೆಲವು ಕಾಲ ಶಾಲೆ ಮಾಸ್ತರರಾಗಿದ್ದವರು. ಈ ತರಹದ ಹಾಡು ಬರದೇ ಇದ್ದಿದ್ದರೆ ಆ ಪದ ನನ್ನ ಕ್ಲಾಸಿನೊಳಗೆ ಬರುತ್ತಿರಲಿಲ್ಲ. ಉಳಿದ ಹಾಡು ಚೆನ್ನಾಗಿವೆಯೋ ಇಲ್ಲವೋ, ನಾನು ಅಷ್ಟು ತೂಗಿ ನೋಡಿಲ್ಲ.

ಸಾಧನಕೇರಿ:
ಅಕ್ಕಾರ, ಇದು ಓದಿ ಬಹಳ ಸಂತೋಷ ಆಯಿತು. ಆದರೂ ನನ್ನ ಇನ್ನೊಂದು ಬೇಸರ ಹೇಳಿಬಿಡುತ್ತೇನೆ. ಉಚ್ಚಾರ. ಮೈಸೂರಿನಲ್ಲಿ ಬೆಳೆದವರು, ಮೈಕ್ರೋಬಯಾಲಜಿ ಓದಿ, ಭರತನಾಟ್ಯ ಕಲಿತವರು. ಅವರ ಮೇಲೆ ಗೌರವ ಇದೆ. ಆದರೆ 'ಲೋಕದ ಕಾಳಜಿ'ಯಲ್ಲಿ ಬರುವ ನಮ್ಮ "ಅಂತಿ", "ಮಾಡಪ್ಪ" ಬಾಯಿಗೆ ಬರುವ ಪರಿ ಬೇರೆ. ನಮ್ಮವರು ಅದನ್ನು ಎಳೆಯುವುದಿಲ್ಲ, ಒತ್ತುವುದೂ ಇಲ್ಲ, ಮಾತಾಡಿದ ಹಾಗೆ ಬಿಡುತ್ತಾರೆ. ಸಿ. ಅಶ್ವತ್ಥ್ ಹಾಡಿದ ಷರೀಫರ ಪದ ಕೇಳಿ. ಅವರೂ ನಮ್ಮ ಕಡೆಯವರಲ್ಲ, ಆದರೂ ಆ ಗಡಸುತನ ಎಲ್ಲಿಂದ ತಂದರು? ನಮ್ಮ ಅಪ್ಪ ರೇಡಿಯೋ ಮುಂದೆ ಕೂತು ಅವರನ್ನು ಕೇಳುವಾಗ ಮನೆಯಲ್ಲಿ ಯಾರೂ ಮಾತಾಡುವ ಹಾಗಿರಲಿಲ್ಲ.

ಹಳೇ ಹುಬ್ಬಳ್ಳಿ:
ಈಗ ಬಂತು ನೋಡ್ರಿ ನಿಜವಾದ ಮಾತು. ನಾನೂ 2013ರಲ್ಲಿ ಹೀಗೇ ಅಂದಿದ್ದೆ. ಆದರೆ ಬಸ್ಸಿನಲ್ಲಿ ಕೂತು ಯೋಚಿಸಿದಾಗ ಒಂದು ಹೊಳೆಯಿತು. ಮೊದಲ ಆಲ್ಬಂ ಬಂದಾಗ ಅಶ್ವತ್ಥ್ ಇದ್ದರು. 2009ರ ಡಿಸೆಂಬರ್ 29ಕ್ಕೆ ಹೋದರು. ಎರಡನೇ ಆಲ್ಬಂ ಬಂದಾಗ ಅವರು ಇರಲಿಲ್ಲ. ಆಗ ಷರೀಫರ ಪದವನ್ನು ಯಾರೇ ಮುಟ್ಟಿದರೂ ನಮಗೆ ಅಶ್ವತ್ಥರ ಜಾಗಕ್ಕೆ ಕೈ ಹಾಕಿದ ಹಾಗೆ ಅನ್ನಿಸುತ್ತಿತ್ತು. 2008ರಲ್ಲಿ ಇದೇ ದನಿಗೆ ಕುಣಿದವರು 2013ರಲ್ಲಿ ತಕ್ಕಡಿ ಹಿಡಿದು ಕೂತೆವು. ದನಿ ಅದೇ, ಉಚ್ಚಾರ ಅದೇ. ನಾವು ಬದಲಾಗಿದ್ದೆವು.

ಇನ್ನೊಂದು. ನಾವು "ಮೂಲ ಧಾಟಿ" ಅನ್ನುವುದು ಯಾವುದು? 1990ರಲ್ಲಿ ಷರೀಫರ ಬಗ್ಗೆ ಸಿನಿಮಾ ಬಂತು, ಅಶ್ವತ್ಥರ ಸಂಗೀತ. ಅದರ ಕ್ಯಾಸೆಟ್ಟು ಮನೆಮನೆಗೆ ಹೋಯಿತು. ಪೇಟೆಯಲ್ಲಿ ಬೆಳೆದ ನಮಗೆ ಅದೇ ಮೂಲ ಆಗಿಬಿಟ್ಟಿತು. ಷರೀಫರು ತೀರಿಕೊಂಡಿದ್ದು 1889ರಲ್ಲಿ. ಅವರು ಹೇಗೆ ಹಾಡಿದರೋ ಅದನ್ನು ಉಳಿಸಿಕೊಂಡು ಬಂದವರು ಊರೂರಿನ ಭಜನಿ ಮೇಳದವರು. ಅವರ ಧಾಟಿ ಕೇಳಿದವರು ಈ ಗುಂಪಿನಲ್ಲಿ ಯಾರಾದರೂ ಇದ್ದೀರಾ?

ಶಿಗ್ಗಾಂವಿ ರಸ್ತೆ:
ಇದ್ದೇನೆ. ಮೂರು ದಿನದಿಂದ ಓದುತ್ತಿದ್ದೆ, ಬರೆಯಲೋ ಬೇಡವೋ ಅಂತ.

ನಮ್ಮ ಊರು ಶಿಶುನಾಳದ ಆಚೆ ಕಡೆ. ನಮ್ಮ ಅಜ್ಜ ಭಜನಿ ಮೇಳದ ಮುಂದಾಳು ಇದ್ದರು. ಅಮಾವಾಸ್ಯೆ ರಾತ್ರಿ ಊಟ ಮುಗಿಸಿ ಗುಡಿ ಕಟ್ಟೆಗೆ ಕೂತರೆ ಬೆಳ್ಳಿ ಮೂಡುವ ತನಕ. ಹಾರ್ಮೋನಿಯಂ, ತಬಲಾ, ಎರಡು ಜೊತೆ ತಾಳ, ಒಂದು ದಮ್ಮಡಿ. ಚಳಿಗಾಲದಲ್ಲಿ ದಮ್ಮಡಿ ತೊಗಲು ಸಡಿಲ ಬೀಳುತ್ತಿತ್ತು. ಕಟ್ಟೆ ಪಕ್ಕ ಸೋಗೆ, ಕಡ್ಡಿ ಹಾಕಿ ಬೆಂಕಿ ಮಾಡಿ, ದಮ್ಮಡಿಯನ್ನು ಅದರ ಮೇಲೆ ಹಿಡಿದು ತಿರುವಿ ತಿರುವಿ ಕಾಸುವುದು ನನ್ನ ಕೆಲಸ. ಅಜ್ಜ ದೂರದಿಂದಲೇ "ಬಡದು ನೋಡು" ಅನ್ನುತ್ತಿದ್ದರು. ಬಡಿದರೆ ದಪ್ ಅಂದರೆ "ಇನ್ನೂ ಕಾಸು", ಠಣ್ ಅಂದರೆ "ತಾ" ಅನ್ನುತ್ತಿದ್ದರು.

ಹಾಡುವ ಪದ್ಧತಿ ಹೀಗೆ. ಮುಂದಾಳು ಒಂದು ಸಾಲು ಹೇಳುತ್ತಾನೆ, ಹಿಮ್ಮೇಳದವರು ಅದನ್ನೇ ತಿರುಗಿ ಹೇಳುತ್ತಾರೆ. ಹಾಗೆ ಹೇಳುವಾಗ ಕೇಳುವವನಿಗೆ ಆ ಸಾಲು ಒಳಗೆ ಇಳಿಯುವುದಕ್ಕೆ ಸಮಯ ಸಿಗುತ್ತದೆ. 'ಲೋಕದ ಕಾಳಜಿ'ಯಲ್ಲಿ ಆನೆ ಅಂಬಾರಿ ಏರಬೇಕು ಅನ್ನುವ ಆಸೆ ಒಂದು ಸಾಲು, ಮಣ್ಣಿಗೆ ಇಳಿಯುವುದು ಮರೆತೆಯಲ್ಲ ಅನ್ನುವುದು ಇನ್ನೊಂದು. ಎರಡರ ನಡುವೆ ತಡೆದು ನಿಲ್ಲದಿದ್ದರೆ ಆ ಹೊಡೆತ ತಾಗುವುದಿಲ್ಲ. ಕೊನೆಗೆ ಶಿಶುನಾಳಧೀಶ ಅಂತ ಅಂಕಿತ ಬಂದಾಗ ತಾಳ ನಿಲ್ಲುತ್ತದೆ, ಎಲ್ಲರೂ ಕೈ ಮುಗಿಯುತ್ತಾರೆ. ಆಮೇಲೇ ಚಹಾ.

ಧಾಟಿ ಅಂತೂ ಊರಿಗೊಂದು. ನಮ್ಮ ಅತ್ತೆಯನ್ನು ಕುಂದಗೋಳ ಕಡೆ ಕೊಟ್ಟಿದೆ. ಅಲ್ಲೇ ಕಳಸದಲ್ಲಿ ಷರೀಫರ ಗುರು ಗೋವಿಂದ ಭಟ್ಟರು ಇದ್ದಿದ್ದು. ಅತ್ತೆಯ ಊರಿನವರು ಹಾಡುವುದಕ್ಕೂ ನಮ್ಮವರು ಹಾಡುವುದಕ್ಕೂ ಅಜಗಜಾಂತರ. ಪದ ಒಂದೇ. ಅಜ್ಜ ಯಾವತ್ತೂ ಅವರದು ತಪ್ಪು ಅನ್ನಲಿಲ್ಲ. "ಅವರ ಹಾದಿ ಅವರದು, ಗದ್ದಿಗಿಗೆ ಎಲ್ಲಾ ಕಡಿಂದ ಬರತಾರ" ಅನ್ನುತ್ತಿದ್ದರು. ಶಿಶುನಾಳದ ಗದ್ದುಗೆಗೆ ಹಿಂದೂಗಳೂ ಬರುತ್ತಾರೆ, ಮುಸ್ಲಿಮರೂ ಬರುತ್ತಾರೆ, ಅಜ್ಜನ ಮಾತಿನಲ್ಲಿ ಅದೂ ಇತ್ತು.

ಈಗ ಆಲ್ಬಂ ವಿಷಯ. 2014ರ ದೀಪಾವಳಿಗೆ ನಮ್ಮ ಚಿಕ್ಕಪ್ಪನ ಮಗ ಬೆಂಗಳೂರಿಂದ ಬಂದವನು ಅಜ್ಜನ ಮುಂದೆ ಫೋನ್ ಇಟ್ಟು 'ಲೋಕದ ಕಾಳಜಿ' ಹಚ್ಚಿದ. ನನಗೆ ಹೆದರಿಕೆ, ಅಜ್ಜ ಬೈಯುತ್ತಾರೆ ಅಂತ. ಅಜ್ಜ ಕಣ್ಣು ಮುಚ್ಚಿ ಪೂರ್ತಿ ಕೇಳಿದರು. "ದನಿ ಚಲೋ ಐತಿ. ಅವಸರ ಯಾಕ?" ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಇನ್ನೊಮ್ಮಿ ಹಚ್ಚು" ಅಂದರು. ಎರಡನೇ ಸಲ ತೊಡೆ ಮೇಲೆ ಬೆರಳಿನಿಂದ ತಾಳ ಹಾಕುತ್ತಿದ್ದರು. ಮೂರನೇ ಸಲ ಹಿಮ್ಮೇಳ ಬರುವ ಜಾಗದಲ್ಲಿ ಬಾಯಿ ಆಡಿಸಿದರು, ದನಿ ಹೊರಗೆ ಬರಲಿಲ್ಲ. ಅವರಿಗಾಗಲೇ ಉಬ್ಬಸ ಇತ್ತು.

ಮುಂದಿನ ಅಮಾವಾಸ್ಯೆಗೆ ನಾಲ್ಕು ಕಾಲೇಜು ಹುಡುಗರು ಕಟ್ಟೆಗೆ ಬಂದರು. ಅದಕ್ಕೆ ಮೊದಲು ಅವರು ಆ ಕಡೆ ಹಾಯ್ದವರೇ ಅಲ್ಲ. ಫೋನಿನಲ್ಲಿದ್ದ ಹಾಡನ್ನು ಹಾಡುತ್ತೇವೆ ಅಂದರು. ಅಜ್ಜ ಹಾಡಲು ಬಿಟ್ಟರು. ಮುಗಿದ ಮೇಲೆ "ಪದ ಬಂತು, ಈಗ ಅದನ್ನ ಮಂದಿಗೆ ಕೊಡೋದು ಕಲೀರಿ" ಅಂತ ಸಾಲು ಸಾಲಾಗಿ ಹೇಳಿಕೊಟ್ಟರು. ಆ ನಾಲ್ವರಲ್ಲಿ ಇಬ್ಬರು ಈಗಲೂ ಮೇಳದಲ್ಲಿದ್ದಾರೆ. ಒಬ್ಬ ತಬಲಾ, ಇನ್ನೊಬ್ಬ ಮುಂದಾಳು. ಅಜ್ಜ ಹೋಗಿ 6 ವರ್ಷ ಆಯಿತು.

ಆಲ್ಬಂ ಒಳ್ಳೆಯದಾ ಕೆಟ್ಟದ್ದಾ ಅಂತ ನನಗೆ ನಿಮ್ಮ ಹಾಗೆ ಹೇಳಲು ಬರುವುದಿಲ್ಲ. ಅವಸರ ಇದೆ, ಅದು ನಿಜ. ಆದರೆ ನಮ್ಮ ಕಟ್ಟೆಗೆ ಇಬ್ಬರನ್ನು ಕರೆತಂದಿತು.

ಕೆಸಿಡಿ ಹಾಸ್ಟೆಲ್:
ಅಣ್ಣಾ, ಇದನ್ನು ನಮ್ಮ ರೂಮಿನಲ್ಲಿ ಗಟ್ಟಿಯಾಗಿ ಓದಿದೆ. ಎಲ್ಲರೂ ಸುಮ್ಮನಾದರು.

ಸಾಧನಕೇರಿ:
ಅವಸರ ಯಾಕ ಅನ್ನುವ ಒಂದೇ ಮಾತಿನಲ್ಲಿ ಅಜ್ಜ ನನ್ನ ಇಷ್ಟು ದಿನದ ಬೇಸರ ಹೇಳಿಬಿಟ್ಟರು. ನಾನು ಉಚ್ಚಾರ ಅಂತ ಸುತ್ತಿ ಬಳಸಿ ಬರೆದಿದ್ದು ಇದನ್ನೇ. ಆದರೆ ಅವರು ಅಷ್ಟಕ್ಕೇ ಬಿಡಲಿಲ್ಲ, ಇನ್ನೊಮ್ಮೆ ಹಚ್ಚು ಅಂದರು. ನಾನು ಇನ್ನೊಮ್ಮೆ ಹಚ್ಚಲೇ ಇಲ್ಲ. ಇವತ್ತು ರಾತ್ರಿ ಪೂರ್ತಿ ಆಲ್ಬಂ ಕೇಳುತ್ತೇನೆ, ಯಾವುದನ್ನೂ ಮುಂದಕ್ಕೆ ಓಡಿಸದೆ.

ಹಾವೇರಿ ಅಕ್ಕ:
ನಿಮ್ಮ ಮೇಳದವರನ್ನು ನಮ್ಮ ಶಾಲೆಗೆ ಕರೆಯಬಹುದಾ? ಮಕ್ಕಳಿಗೆ ದಮ್ಮಡಿ ಕಾಸುವುದನ್ನು ತೋರಿಸಬೇಕು. ಆ ಹಿಂದಿನ ಬೆಂಚಿನ ಹುಡುಗ ಈಗ ಹೈಸ್ಕೂಲು, ಅವನನ್ನೂ ಕರೆಸುತ್ತೇನೆ.

ಶಿಗ್ಗಾಂವಿ ರಸ್ತೆ:
ಖಂಡಿತ ಬರುತ್ತಾರೆ ಅಕ್ಕಾರ. ಶನಿವಾರ ಮುಂಜಾನೆ ಶಾಲೆ ಇರುತ್ತದಲ್ಲ, ಅವತ್ತಾದರೆ ಹೊಲದ ಕೆಲಸಕ್ಕೂ ತೊಂದರೆ ಇಲ್ಲ.

ಹಳೇ ಹುಬ್ಬಳ್ಳಿ:
ಹೋದ ವಾರ ಶಿಗ್ಗಾಂವಿಯಲ್ಲಿ ಇಳಿಯಲಿಲ್ಲ ಅಂದೆನಲ್ಲ. ಈ ಅಮಾವಾಸ್ಯೆಗೆ ಇಳಿಯಬೇಕು ಅಂತಿದ್ದೇನೆ. ಕಟ್ಟೆ ಮೇಲೆ ಹೊರಗಿನವರು ಕೂರಬಹುದಾ? ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡರೆ ಬೇಸರ ಆಗುತ್ತದಾ? ಆಲ್ಬಂನ 'ಲೋಕದ ಕಾಳಜಿ' ಪಕ್ಕದಲ್ಲಿ ನಿಮ್ಮೂರ ಧಾಟಿ ಇಟ್ಟು ಕೇಳಬೇಕು ಅಂತ ಆಸೆ.

ಶಿಗ್ಗಾಂವಿ ರಸ್ತೆ:
ಬರ್ರಿ ಸರ್. ಹೊರಗಿನವರು ಅಂತ ನಮ್ಮಲ್ಲಿ ಯಾರೂ ಇಲ್ಲ. ಸಂಜೆ ಬಸ್ಸಿಗೇ ಬರಬೇಕು, ಆಮೇಲೆ ನಮ್ಮೂರಿಗೆ ಗಾಡಿ ಸಿಗುವುದಿಲ್ಲ. ಊಟ ನಮ್ಮ ಮನೆಯಲ್ಲಿ, ರೊಟ್ಟಿ, ಬದನೆಕಾಯಿ ಪಲ್ಯ. ರೆಕಾರ್ಡ್ ಮಾಡಿಕೊಳ್ಳಿ, ಹುಡುಗರಿಗೆ ಖುಷಿಯೇ ಆಗುತ್ತದೆ. ಒಂದು ಶಾಲು ತನ್ನಿ, ಬೆಳಗಿನ ಜಾವ ಥಂಡಿ ಜಾಸ್ತಿ.

ಸೌಂಡ್ ಸರ್ವಿಸ್:
ರೆಕಾರ್ಡ್ ಮಾಡುವಾಗ ಫೋನನ್ನು ತಾಳ ಹಾಕುವವರ ಪಕ್ಕ ಇಡಬೇಡಿ ಸರ್. ಬರೀ ಠಿಣ್ ಠಿಣ್ ಬರುತ್ತದೆ, ಪದ ಮುಳುಗುತ್ತದೆ. ಹಾರ್ಮೋನಿಯಂಗೂ ಹತ್ತಿರ ಬೇಡ. ಮುಂದಾಳಿನ ಎದುರಿಗೆ ಎರಡು ಮಾರು ದೂರದಲ್ಲಿ, ನೆಲದ ಮೇಲೆ ಟವೆಲ್ ಮಡಚಿ ಹಾಕಿ ಅದರ ಮೇಲೆ ಇಡಿ. ಹಿಮ್ಮೇಳವೂ ಸಿಗುತ್ತದೆ, ನಡುವೆ ಅವರು ತಡೆದು ನಿಲ್ಲುವುದೂ ಸಿಗುತ್ತದೆ.